ಒಬ್ಬನಿಗೇ ಒಗ್ಗುವ ಬಂದೂಕು

ಎಷ್ಟು ಹೇಳುವುದು? ನಾನೂರು ಡಾಲರ್ ಅಂದರೆ ಕನಿಕರ ತೋರಿಸಿದ ಹಾಗಾಗುತ್ತದೆ. ಸಾವಿರದೈನೂರು ಅಂದರೆ ಅದು ನ್ಯಾಯವಾದ ಬೆಲೆಯೇ, ಆದರೆ ಆ ದುಡ್ಡನ್ನು ಕೈಯೊಡ್ಡಿ ತೆಗೆದುಕೊಳ್ಳಬೇಕಾದವನು ತಾನು. ಏನೂ ಬೇಡ ಅಂದುಬಿಟ್ಟರೆ? ವರ್ಲಿನ್ ಹೌಕ್ ಅಷ್ಟಕ್ಕೆ ಸುಮ್ಮನಾಗುವ ಪೈಕಿ ಅಲ್ಲ. ಯಾಕೆ ಬೇಡ ಅನ್ನುತ್ತಾನೆ. ಆರ್ಡೆಲ್ ಸ್ಕೋಗನ್ ಹೆದರುತ್ತಿದ್ದದ್ದು ಆ ಒಂದು ‘ಯಾಕೆ’ಗೆ.

ಬಂದೂಕು ಮೇಜಿನ ಮೇಲೆ ಹಳೆಯ ಟವೆಲ್ಲಿನ ಮೇಲೆ ಮಲಗಿತ್ತು. ಕಬ್ಬಿಣದ ಭಾಗವೆಲ್ಲ ವರ್ಲಿನ್‌ನ ಹಳೆಯ ಪಂಪ್ ಬಂದೂಕಿನದೇ. ತೋಟಾ ಏರಿಸಲು ನಲವತ್ತು ವರ್ಷ ಎಳೆದು ತಳ್ಳಿ ಬಣ್ಣ ಹೋಗಿ, ನಳಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಹಿಂದಿನ ಮರ ಮಾತ್ರ ಹೊಸದು. ಆಕ್ರೋಟಿನ ದಪ್ಪ ದಿಮ್ಮಿಯೊಂದರಿಂದ ಆರ್ಡೆಲ್ ಅದನ್ನು ಕೆತ್ತಿದ್ದ. ಬಲಭುಜದಿಂದ ಹೊರಟು, ಗಲ್ಲದ ಕೆಳಗೆ ಬಾಗಿ, ನಳಿಗೆಯನ್ನು ಎಡಗಣ್ಣಿನ ಮುಂದೆ ತಂದು ನಿಲ್ಲಿಸುವ ಮರ. ಮೊದಲ ಸಲ ನೋಡಿದವರಿಗೆ ಲಾರಿ ಹತ್ತಿ ಸೊಟ್ಟಗಾದ ಬಂದೂಕು ಅನ್ನಿಸಬೇಕು. ವರ್ಲಿನ್‌ಗೆ ಬಲಗಣ್ಣಿಲ್ಲ. ಎಡಭುಜದಲ್ಲಿ ಹಳೆಯ ಟ್ರ್ಯಾಕ್ಟರ್ ಅಪಘಾತದ ಲೋಹದ ಪಟ್ಟಿಯಿದೆ, ಆ ಭುಜ ಬಂದೂಕಿನ ಒದೆತ ತಡೆಯುವುದಿಲ್ಲ. ಹಾಗಾಗಿ ಈ ಸೊಟ್ಟ ಮರ ಅವನೊಬ್ಬನಿಗೇ ನೇರ.

ಕಣ್ಣು ಹೋಗಿ ಮೂರು ಶರತ್ಕಾಲವಾಗಿತ್ತು. ಫೆಸೆಂಟ್ ಹಕ್ಕಿಯ ಬೇಟೆಯಲ್ಲಿ ಅರ್ಧ ಜನ ಮೆಕ್ಕೆಜೋಳದ ಸಾಲುಗಳ ನಡುವೆ ನಡೆದು ಹಕ್ಕಿ ಎಬ್ಬಿಸುತ್ತಾರೆ, ಇನ್ನರ್ಧ ಜನ ಹೊಲದ ಆ ತುದಿಯಲ್ಲಿ ಅಡ್ಡ ನಿಂತಿರುತ್ತಾರೆ. ನಡೆಯುವವರು ಹತ್ತಿರ ಬಂದಾಗ ಅಡ್ಡ ನಿಂತವರಿಗೆ ಇರುವುದು ಒಂದೇ ಕಟ್ಟಳೆ: ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಬಂದೂಕಿನ ಕುದುರೆ ಎಳೆಯಬಾರದು. ಆ ದಿನ ವರ್ಲಿನ್ ನಡೆದು ಬರುತ್ತಿದ್ದ. ಅಡ್ಡ ನಿಂತಿದ್ದವರು ಇಬ್ಬರು, ಆರ್ಡೆಲ್ ಮತ್ತು ಮೈಲೋ ಬ್ರಾಂಟ್. ಎರಡು ಫೆಸೆಂಟ್ ಹುಂಜಗಳು ಒಟ್ಟಿಗೆ ಎದ್ದವು, ಎರಡು ಬಂದೂಕುಗಳು ಒಟ್ಟಿಗೆ ಸಿಡಿದವು. ವರ್ಲಿನ್‌ನ ಕಣ್ಣಿಗೆ ಯಾರ ಚರೆಗುಂಡು ತಗುಲಿತು ಎಂದು ಬೇಟೆ ಅಧಿಕಾರಿಯ ಕಾಗದದಲ್ಲಿ ಬರೆದಿಲ್ಲ. ಮೈಲೋನ ನಳಿಗೆ ಆಕಾಶ ನೋಡುತ್ತಿದ್ದದ್ದನ್ನು ಆರ್ಡೆಲ್ ಕಡೆಗಣ್ಣಿನಲ್ಲಿ ಕಂಡಿದ್ದ. ತನ್ನ ಹಕ್ಕಿಯ ಹಿಂದೆ ವರ್ಲಿನ್‌ನ ಕಿತ್ತಳೆ ಬಣ್ಣದ ಟೋಪಿ ಇದ್ದದ್ದನ್ನೂ ಕಂಡಿದ್ದ, ಬೆರಳು ಎಳೆದು ಮುಗಿದ ಮೇಲೆ.

ಅಂಗಳದಲ್ಲಿ ಪಿಕಪ್ ನಿಂತ ಸದ್ದಾಯಿತು.

“ಏನಪ್ಪಾ ಮೇಷ್ಟ್ರೇ, ಬದುಕಿದೀಯಾ?” ವರ್ಲಿನ್ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದ. ಆರ್ಡೆಲ್ ಮೂವತ್ತು ವರ್ಷ ಊರ ಶಾಲೆಯಲ್ಲಿ ಮರಗೆಲಸ ಕಲಿಸಿದವನು, ವರ್ಲಿನ್ ಇವತ್ತಿಗೂ ಹಾಗೆ ಕರೆಯುವುದನ್ನು ಬಿಟ್ಟಿಲ್ಲ. ಕೈಯಲ್ಲಿ ಬೆಳ್ಳಿ ಕಾಗದ ಮುಚ್ಚಿದ ತಟ್ಟೆ. “ಚರ್ಚಿನ ಹೆಂಗಸರು ಕೂಖೆನ್ ಕೇಕು ಕೊಟ್ಟಿದಾರೆ, ಪ್ಲಮ್ ಹಾಕಿ ಮಾಡಿರೋದು. ಒಬ್ಬಂಟಿ ಗಂಡಸು ಅಂದ್ರೆ ಸಾಕು, ತಿನ್ನಿಸಿ ತಿನ್ನಿಸಿ ಸಾಯಿಸ್ತಾರೆ.”

“ನನಗ್ಯಾರೂ ಕೊಡಲ್ಲ.”

“ನಿನ್ನ ಮುಖ ನೋಡಿದ್ರೆ ಹೊಟ್ಟೆ ತುಂಬಿರೋನ ಹಾಗೆ ಕಾಣುತ್ತೆ. ನಂದು ಒಂದು ಕಣ್ಣಿನ ಮುಖ, ಆದಾಯ ಜಾಸ್ತಿ.” ನಗುತ್ತ ತಟ್ಟೆಯನ್ನು ಮರದ ಪುಡಿಯ ಮೇಲೆಯೇ ಇಟ್ಟ. ಆಮೇಲೆ ಬಂದೂಕು ಕಂಡಿತು. ನಗು ನಿಂತಿತು.

ಅವನು ಬೇಟೆಯ ಕೋಟನ್ನೇ ಹಾಕಿಕೊಂಡು ಬಂದಿದ್ದ. ಶನಿವಾರ ಬೇಟೆ ಶುರು. ದಪ್ಪ ಕ್ಯಾನ್ವಾಸಿನ ಅದೇ ಕೋಟು, ಕಾಲರಿನ ಹತ್ತಿರ ಕಪ್ಪು ದಾರದಲ್ಲಿ ಹೊಲಿದ ಎರಡು ಸಣ್ಣ ತೂತು. ಆರ್ಡೆಲ್ ಕಿಟಕಿಯ ಕಡೆ ನೋಡಿದ.

ವರ್ಲಿನ್ ಬಂದೂಕನ್ನು ಎತ್ತಿ ಭುಜಕ್ಕೆ ಕೊಟ್ಟ. ಮರ ಕಂಕುಳ ಹತ್ತಿರ ಕೋಟಿಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಎತ್ತಿದ. ಇನ್ನೊಮ್ಮೆ ಸಿಕ್ಕಿಕೊಂಡಿತು.

“ಉದ್ದ ಆಯ್ತು ಕಣೋ.”

“ಕೊಡು ಇಲ್ಲಿ.”

“ಜುಲೈನಲ್ಲಿ ಅಳತೆ ತಗೊಂಡಾಗ ಸರಿಯಾಗಿತ್ತಲ್ಲೋ?”

“ಜುಲೈನಲ್ಲಿ ನೀನು ಬನಿಯನ್‌ನಲ್ಲಿದ್ದೆ.”

ವರ್ಲಿನ್ ಹುಬ್ಬೇರಿಸಿದ. “ಮೇಷ್ಟ್ರೇ, ಇದು ಒಂದನೇ ಕ್ಲಾಸಿನ ಪಾಠ. ಕೋಟು ಹಾಕಿಸಿ ಅಳತೆ ತಗೋಬೇಕು ಅಂತ ನನಗೆ ಹೇಳಿಕೊಟ್ಟೋನೇ ನೀನು. ವಯಸ್ಸಾಯ್ತು ನಿನಗೆ.”

“ಆಯ್ತು,” ಅಂದ ಆರ್ಡೆಲ್.

ವಯಸ್ಸಿನದಲ್ಲ. ಜುಲೈಯ ಆ ಮಧ್ಯಾಹ್ನ ‘ಕೋಟು ತಂದಿದ್ದೀಯಾ’ ಅನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಕೋಟು ಅಂದರೆ ಆ ಕಾಲರು, ಕಾಲರಿನ ಆ ಎರಡು ತೂತಿನ ಮೇಲೆ ಅಳತೆಪಟ್ಟಿ ಹಿಡಿಯಬೇಕಾದ ತನ್ನ ಬೆರಳು. ಸೆಕೆಗೆ ಯಾರು ಕೋಟು ಹಾಕಿಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಅಳತೆ ಮುಗಿಸಿದ್ದ. ಎಷ್ಟೋ ಬಂದೂಕುಗಳಿಗೆ ಮರ ಕೂರಿಸಿದ ಕೈಗೆ ಇದು ಮೊದಲ ತಪ್ಪು.

ತುದಿಯ ರಬ್ಬರ್ ಬಿಚ್ಚಿದ, ಮರದ ಸುತ್ತ ಅಂಟುಪಟ್ಟಿ ಸುತ್ತಿದ. ವರ್ಲಿನ್‌ನ ಮುಂದೆ ನಿಂತು, ಈ ಸಲ ಕೋಟಿನ ಮೇಲೆಯೇ ಕೈಯಿಟ್ಟು ಅಳೆದ. ದಾರದ ಗಂಟು ಹೆಬ್ಬೆರಳಿಗೆ ತಾಕಿತು. ವರ್ಲಿನ್ ಅಲುಗಾಡದೆ ನಿಂತಿದ್ದ, ದರ್ಜಿಯ ಮುಂದೆ ನಿಂತವನ ಹಾಗೆ. ಅವನ ಉಸಿರಿನಲ್ಲಿ ಕಾಫಿ ವಾಸನೆ ಇತ್ತು. ಕತ್ತರಿಸಬೇಕಾದದ್ದು ಅರ್ಧ ಇಂಚಿಗಿಂತ ಒಂದು ಗೆರೆ ಜಾಸ್ತಿ. ಗುರುತಿನ ಮೇಲೆ ಗರಗಸ ಆಡಿಸಿದ. ಕೆಂಪುಗಂದು ಪುಡಿ ಕೂಖೆನ್ ತಟ್ಟೆಯ ಮೇಲೂ ಬಿತ್ತು. ಕತ್ತರಿಸಿದ ತುಂಡನ್ನು ಆರ್ಡೆಲ್ ಜೇಬಿಗೆ ಹಾಕಿಕೊಂಡ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ರಬ್ಬರ್ ಮತ್ತೆ ಕೂರಿಸಿ ಕೊಟ್ಟಾಗ ಬಂದೂಕು ಒಂದೇ ಏಟಿಗೆ ಭುಜ ಸೇರಿತು. ವರ್ಲಿನ್ ಕಿಟಕಿಯಾಚೆಯ ಧಾನ್ಯದ ಗೋಪುರದ ತುದಿಗೆ ಗುರಿಯಿಟ್ಟ. ಬಹಳ ಹೊತ್ತು ಇಳಿಸಲಿಲ್ಲ.

“ನಳಿಗೆ ತುದಿಯ ಗುರಿಮಣಿ ಕಾಣ್ತಿದೆ,” ಅಂದ ಕೊನೆಗೆ. ಧ್ವನಿ ಸಣ್ಣದಾಗಿತ್ತು. “ತಲೆ ಸೊಟ್ಟ ಮಾಡದೇನೆ ಕಾಣ್ತಿದೆ ಕಣೋ.”

ಆರ್ಡೆಲ್ ಗರಗಸ ಒರೆಸುತ್ತಿದ್ದ.

“ಮೈಲೋ ಇದ್ದಿದ್ರೆ, ಸೊಟ್ಟ ಮನುಷ್ಯನಿಗೆ ಸೊಟ್ಟ ಬಂದೂಕು ಅಂತ ಇಡೀ ಊರಿಗೆ ಹೇಳ್ಕೊಂಡು ಬರ್ತಿದ್ದ.” ವರ್ಲಿನ್ ಬಂದೂಕನ್ನು ಟವೆಲ್ಲಿನ ಮೇಲೆ ಮಲಗಿಸಿದ. “ಆಸ್ಪತ್ರೆಗೆ ಬಂದಿದ್ದ ಅವನು, ಗೊತ್ತಾ? ನನ್ನ ಕೈ ಹಿಡ್ಕೊಂಡು, ನಂದೇ ಇರಬೇಕು ಕಣೋ, ನನ್ನ ಕ್ಷಮಿಸು ಅಂದ. ಆಮೇಲೆ ಬಂದೂಕೆಲ್ಲ ಅಳಿಯನಿಗೆ ಕೊಟ್ಟುಬಿಟ್ಟ. ಸಾಯೋವರೆಗೂ ಹೊಲದ ಕಡೆ ತಲೆ ಹಾಕಲಿಲ್ಲ.”

ಮೈಲೋ ಸತ್ತದ್ದು ಹೋದ ವಸಂತದಲ್ಲಿ. ಅವನ ಶವಪೆಟ್ಟಿಗೆಯ ಎಡಗಡೆ ಹೆಗಲು ಕೊಟ್ಟವನು ಆರ್ಡೆಲ್. ಆಸ್ಪತ್ರೆಯ ಈ ಸಂಗತಿ ಅವನಿಗೆ ಗೊತ್ತಿರಲಿಲ್ಲ.

“ನೀನೇನಂದೆ?” ಎಂದು ಕೇಳಿದ.

“ಯಾರದಾದ್ರೂ ನನಗೇನು ಅಂದೆ. ನಂಬಲಿಲ್ಲ ಅವನು.” ವರ್ಲಿನ್ ಒಂದು ಕಣ್ಣಿನಿಂದ ಆರ್ಡೆಲ್‌ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಏನಾದರೂ ಇತ್ತೋ, ಒಂದೇ ಕಣ್ಣಿನ ನೋಟವೇ ಹಾಗೋ, ಆರ್ಡೆಲ್‌ಗೆ ತಿಳಿಯಲಿಲ್ಲ. ಗೋಡೆಯ ಹೀಟರ್ ಟಕ್ ಟಕ್ ಎಂದು ಕಾಯುತ್ತಿತ್ತು. ಒಂದು ಮಾತಿಗೆ ಬೇಕಾದಷ್ಟು ಹೊತ್ತು ಅಲ್ಲಿತ್ತು. ಎರಡು ಮಾತಿಗೂ ಸಾಕಾಗುತ್ತಿತ್ತು.

“ಕಾಫಿ ಹಾಕ್ಲಾ?” ಅಂದ ಆರ್ಡೆಲ್.

“ಬೇಡ. ಎಷ್ಟಾಯ್ತು ಹೇಳು.”

“ನಾನೂರು ಕೊಡು.”

“ನನ್ನ ಕಣ್ಣು ಹೋಗಿದೆ, ತಲೆ ಹೋಗಿಲ್ಲ. ಸೂ ಫಾಲ್ಸ್ ಪೇಟೆಯ ಬಂದೂಕಿನಂಗಡಿಯಲ್ಲಿ ವಿಚಾರಿಸ್ದೆ. ಎರಡು ಸಾವಿರ, ಅದೂ ಒಂದು ವರ್ಷ ಕಾಯ್ಬೇಕು ಅಂದ್ರು. ಬರೀ ಮರದ ದಿಮ್ಮಿಗೇ ನಾನೂರು ಆಗಿರುತ್ತೆ.”

“ಮರ ನನ್ನ ಹತ್ರ ಸುಮ್ನೆ ಬಿದ್ದಿತ್ತು.”

“ಸುಳ್ಳು. ನೀನು ಅದನ್ನ ತರೋಕೆ ಪಕ್ಕದ ರಾಜ್ಯ ಅಯೋವಾವರೆಗೂ ಗಾಡಿ ಓಡಿಸ್ಕೊಂಡು ಹೋಗಿದ್ದೆ, ಅಂಚೆಯವನು ಹೇಳ್ದ.”

“ಇದಕ್ಕೆ ಮಾರುಕಟ್ಟೆ ಬೆಲೆ ಇಲ್ಲ ವರ್ಲಿನ್. ನಿನ್ನ ಬಂದೂಕು ಹೇಗಿತ್ತೋ ಹಾಗೇ ಇದ್ದಿದ್ರೆ ಮುನ್ನೂರು ಬರ್ತಿತ್ತು. ಈಗ ಯಾವನೂ ಐವತ್ತೂ ಕೊಡಲ್ಲ. ನೀನಲ್ದೆ ಇದನ್ನ ಭುಜಕ್ಕಿಡೋನು ಭೂಮಿ ಮೇಲಿಲ್ಲ.”

“ಅದಕ್ಕೇ ಹೇಳ್ತಿರೋದು. ಮಾರೋಕೆ ತಗೊಳ್ತಿದೀನಾ ನಾನು?” ವರ್ಲಿನ್ ಅಂಗಿಯ ಜೇಬಿನಿಂದ ಬ್ಯಾಂಕಿನ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. “ಸಾವಿರದೈನೂರು ಇದೆ. ಬೇಡ ಅಂತೀಯಾ? ಯಾಕೆ ಬೇಡ ಅಂತ ಹೇಳು, ವಾಪಸ್ ತಗೊಂಡು ಹೋಗ್ತೀನಿ.”

ಬಂದೇ ಬಂದಿತ್ತು ಆ ‘ಯಾಕೆ’.

ಆರ್ಡೆಲ್ ಲಕೋಟೆಯನ್ನು ನೋಡಿದ. ಅದನ್ನು ಹಿಂದಕ್ಕೆ ತಳ್ಳಲು ಬಲ ಬೇಕಿದ್ದದ್ದು ಬೆರಳಿಗಲ್ಲ, ಬಾಯಿಗೆ. ಅವನು ಲಕೋಟೆ ತೆಗೆದುಕೊಂಡು ಉಳಿಗಳ ಡ್ರಾಯರಿನಲ್ಲಿಟ್ಟ, ಡ್ರಾಯರನ್ನು ಮೆಲ್ಲಗೆ ಮುಚ್ಚಿದ.

“ಹಾಂ,” ಅಂದ ವರ್ಲಿನ್. ಅವನಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಆ ಒಂದು ಅಕ್ಷರದಲ್ಲಿ ಗೊತ್ತಾಗಲಿಲ್ಲ. ಬಂದೂಕನ್ನು ಚೀಲಕ್ಕೆ ಸೇರಿಸಿದ. ಬಾಗಿಲ ಹತ್ತಿರ ತಿರುಗಿ, “ಶನಿವಾರ ನಾನು ನಡೀತೀನಿ. ನೀನು ಅಡ್ಡ ನಿಲ್ಲು,” ಅಂದ.

“ಬೇರೆ ಯಾರಾದ್ರೂ ನಿಲ್ಲಲಿ.”

“ಬೇರೆ ಯಾರಿದಾರೋ? ನೀನೇ ನಿಲ್ಲು.”

ಶನಿವಾರ ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ಆರ್ಡೆಲ್ ಹೊಲದ ತುದಿಯ ಹುಲ್ಲಿನಲ್ಲಿ ಒಬ್ಬನೇ ನಿಂತಿದ್ದ. ಬಲಕ್ಕೆ, ಮೈಲೋ ನಿಲ್ಲುತ್ತಿದ್ದ ಜಾಗದಲ್ಲಿ ಬೇಲಿಯ ಕಂಬವೊಂದೇ ಇತ್ತು. ಒಣಗಿದ ಜೋಳದ ಗರಿಗಳು ಚರಚರ ಅನ್ನುತ್ತಿದ್ದವು. ದೂರದಲ್ಲಿ ಕಿತ್ತಳೆ ಟೋಪಿ ಕಾಣಿಸಿತು, ಮರೆಯಾಯಿತು, ಹತ್ತಿರದಲ್ಲಿ ಮತ್ತೆ ಕಾಣಿಸಿತು.

“ಹುಂಜ!” ವರ್ಲಿನ್ ಕೂಗಿದ.

ಮೊದಲ ಹಕ್ಕಿ ಎತ್ತರಕ್ಕೆ ಏರಿ ಗಾಳಿಗೆ ತಿರುಗಿತು. ಒಂದು ಈಡು, ಪಂಪಿನ ಚಕ್‌ಚಕ್, ಇನ್ನೊಂದು ಈಡು. ಹಕ್ಕಿ ರೆಕ್ಕೆ ಮಡಚಿಕೊಂಡು ಬಿತ್ತು. ಆ ಸದ್ದಿಗೆ ಎರಡನೆಯ ಹುಂಜ ಎದ್ದು, ಜೋಳದ ತಲೆ ಸವರಿಕೊಂಡು ನೇರ ಆರ್ಡೆಲ್‌ನ ಕಡೆಗೇ ಬಂತು. ಅವನ ಬಂದೂಕು ಭುಜಕ್ಕೆ ಏರಲಿಲ್ಲ. ಹಕ್ಕಿ ಅವನ ಕಿವಿಯ ಪಕ್ಕದಲ್ಲೇ ಹಾದುಹೋಯಿತು, ರೆಕ್ಕೆಯ ಗಾಳಿ ಕೆನ್ನೆಗೆ ಬಡಿಯಿತು.

ವರ್ಲಿನ್ ಸಾಲಿನಿಂದ ಹೊರಬಂದ. ಕೈಯಲ್ಲಿ ಹಕ್ಕಿ, ಮುಖದ ತುಂಬ ನಗು, ಓಡಿ ಬಂದವನ ಏದುಸಿರು.

“ನೋಡಿದ್ಯಾ? ಎರಡನೇ ಈಡಿಗೇ! ಬೆಲೆ ಬಂತು ಬಿಡು ನಿನ್ನ ಮರಕ್ಕೆ.” ಹಕ್ಕಿಯ ಉದ್ದ ಬಾಲವನ್ನು ಗಾಳಿಗೆ ಹಿಡಿದು ನೋಡಿದ. “ಅದ್ಸರಿ, ಅಷ್ಟು ಹತ್ರ ಬಂತಲ್ಲ, ಯಾಕೋ ಹೊಡೀಲಿಲ್ಲ ನೀನು?”

“ಕೆಳಗಿತ್ತು,” ಅಂದ ಆರ್ಡೆಲ್.

ವರ್ಲಿನ್ ಸ್ವಲ್ಪ ಹೊತ್ತು ಅವನನ್ನು ನೋಡಿದ. ಆಮೇಲೆ ತಲೆಯಾಡಿಸಿ, ಹಕ್ಕಿಯನ್ನು ಕೋಟಿನ ಹಿಂಜೇಬಿಗೆ ತುರುಕಿಕೊಂಡು ಪಿಕಪ್ ಕಡೆ ನಡೆದ. ಆರ್ಡೆಲ್ ನಾಲ್ಕು ಹೆಜ್ಜೆ ಹಿಂದೆ ನಡೆದ, ಜೇಬಿನಲ್ಲಿ ಆಕ್ರೋಟಿನ ತುಂಡನ್ನು ಬೆರಳಿನಿಂದ ತಿರುಗಿಸುತ್ತ.

ಮೂರು ವರ್ಷದ ಹಿಂದೆಯೂ ಹಕ್ಕಿ ಕೆಳಗೇ ಇತ್ತು, ಹೊಡೆದವನು ಮೈಲೋ ಅಲ್ಲ, ನಾನು ಎಂದು ಆರ್ಡೆಲ್ ವರ್ಲಿನ್‌ಗೆ ಯಾವತ್ತೂ ಹೇಳಲಿಲ್ಲ.