ಮೂರೂವರೆ, ನಾಲ್ಕೂವರೆ

ಸಂಜೆ ಕಾಲೇಜಿನಲ್ಲಿ ಕಲಿತವಳು ನಾನು. ಈ ಗೇರಿನ ಲೆಕ್ಕವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಕೊಯಮತ್ತೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಬೇಕು.

ಆಲೆಮನೆಯ ಚೆಲ್ಲಮುತ್ತು ಹೊಸ ಮೋಟಾರ್ ಹಾಕಿಸಿದ ಮೇಲೆ, ಕೊಪ್ಪರಿಗೆಯಲ್ಲಿ ಪಾಕ ಕಲಕುವ ಯಂತ್ರದ ಕೈ ನಿಧಾನವಾಗಿ ಬೆಲ್ಲ ತಳ ಹಿಡಿದಿತ್ತು. ಇನ್ನೊಂದು ಸಲ ಸುಟ್ಟರೆ ಈರೋಡಿನ ವರ್ತಕ ಕೈಬಿಡುತ್ತಾನೆಂದು ಹೆದರಿ, ಗೇರ್‌ಬಾಕ್ಸನ್ನೇ ಬಿಚ್ಚಿಕೊಂಡು ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಅದು ವೇಗವನ್ನು ಎಷ್ಟು ಪಟ್ಟು ತಗ್ಗಿಸುತ್ತದೆಂದು ತಿಳಿದರೆ, ಕೈ ಬೇಕಾದ ವೇಗದಲ್ಲಿ ತಿರುಗುವಂತೆ ಮೋಟಾರಿಗೆ ತಕ್ಕ ಪುಲ್ಲಿ ಮಾಡಿಕೊಡಬಹುದು.

ಮೋಟಾರು ತಿರುಗಿಸುವ ಒಳಗಿನ ಚಕ್ರಕ್ಕೆ ಇಪ್ಪತ್ತು ಹಲ್ಲು, ಸುತ್ತಲಿನ ಬಳೆಗೆ ಎಪ್ಪತ್ತು. ಇವೆರಡರ ಮಧ್ಯೆ ಮೂರು ಚಕ್ರ. ಅವನ್ನು ಹೊತ್ತ ಚೌಕಟ್ಟೇ ಕಲಕುವ ಕೈಯನ್ನು ತಿರುಗಿಸುತ್ತದೆ. ಬಳೆ ಅಲುಗುವುದಿಲ್ಲ. ಎಪ್ಪತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ಮೂರೂವರೆ. ಚೌಕಟ್ಟು ತಾನೂ ಒಂದು ಸುತ್ತು ಬರುವುದರಿಂದ ಅದಕ್ಕೆ ಒಂದು ಕೂಡಿಸಬೇಕು. ನಾಲ್ಕೂವರೆ.

ನಮ್ಮ ವರ್ಕ್‌ಶಾಪಿನ ಮಾಲೀಕರಾದ ನಾಚಿಮುತ್ತು ಅಣ್ಣ ಒಪ್ಪಲಿಲ್ಲ. ನನ್ನನ್ನು ಅವರು ಮನೆಮಗಳಂತೆ ‘ಅಮ್ಮಿಣಿ’ ಎನ್ನುತ್ತಾರೆ.

“ಕೈಯಾರೆ ತಿರುಗಿಸಿ ನೋಡಿದೀನಿ ಅಮ್ಮಿಣಿ. ಮೂರೂವರೆ.”

“ನೀವು ಚೌಕಟ್ಟನ್ನ ಮೇಜಿನ ವೈಸಲ್ಲಿ ಅಲುಗದ ಹಾಗೆ ಕಚ್ಚಿಸಿ ಬಳೇನ ತಿರುಗೋಕೆ ಬಿಟ್ರಿ ಅಣ್ಣ. ಆಲೆಮನೇಲಿ ಬಳೆ ತಿರುಗಲ್ಲ.”

“ಯಾವುದು ತಿರುಗಿದ್ರೇನು, ಹಲ್ಲು ಅವೇ ತಾನೆ? ಆ ಮೂರು ಚಕ್ರದ ಹಲ್ಲನ್ನಂತೂ ನೀನು ಎಣಿಸೇ ಇಲ್ಲ.”

“ಅವು ಬರೀ ದಲ್ಲಾಳಿಗಳು. ಅವಕ್ಕೆ ಎಷ್ಟು ಹಲ್ಲಿದ್ರೂ ಉತ್ತರ ಬದಲಾಗಲ್ಲ.”

“ದಲ್ಲಾಳಿ ಇಲ್ದೆ ನಮ್ಮೂರಲ್ಲಿ ಯಾವ ವ್ಯಾಪಾರ ಕುದುರಿದೆ, ಹೇಳು.”

ನಾನು ಬಳೆಯನ್ನು ವೈಸಿಗೆ ಕಚ್ಚಿಸಿ, ಒಳಚಕ್ರವನ್ನು ಅವರ ಕೈಗೇ ಕೊಟ್ಟು ತಿರುಗಿಸಲು ಹೇಳಿದೆ. ಅದು ನಾಲ್ಕೂವರೆ ಸುತ್ತು ಹೋದಾಗ ಚೌಕಟ್ಟು ಒಂದು ಸುತ್ತು ಮುಗಿಸಿತು.

“ನೀನು ಹಿಡಿದಿದ್ದು ಹಾಗೆ, ಬಂದಿದ್ದೂ ಹಾಗೆ,” ಎಂದರು.

ಅವರು ಅಷ್ಟು ಗಟ್ಟಿಯಾಗಿ ಹೇಳಿದಾಗ ನನಗೇ ಅನುಮಾನ ಬಂತು. ಬಳೆಯ ಹಲ್ಲನ್ನು ಮತ್ತೆ ಎಣಿಸಿದೆ. ಎಪ್ಪತ್ತೇ.

“ಸರಿ ಬಿಡು. ನಿಂದು ನಾಲ್ಕೂವರೆ, ನಂದು ಮೂರೂವರೆ. ನಾಲ್ಕು ಅಂತ ಹಾಕೋಣ. ಯಾರಿಗೂ ಬೇಜಾರಿಲ್ಲ.”

“ಇದೇನು ಸೀರೆ ವ್ಯಾಪಾರವಾ ಅಣ್ಣ?”

ಅಷ್ಟರಲ್ಲಿ ಅಣ್ಣ ಪುಲ್ಲಿ ಕಡೆಯುವ ಲೇತಿನವನಿಗೆ ಹೇಳಿಯಾಗಿತ್ತು. ನಾಲ್ಕರ ಲೆಕ್ಕದ ಪುಲ್ಲಿಯೇ ವ್ಯಾನು ಹತ್ತಿತು. ತಲೆ ಚಚ್ಚಿಕೊಳ್ಳುವಂತಾಯಿತು. ಚೆಲ್ಲಮುತ್ತುವಿನ ಹತ್ತಿರ ಹೋಗಿ, “ಗೇರು ತಗ್ಗಿಸೋದು ನಾಲ್ಕು ಪಟ್ಟಲ್ಲ, ನಾಲ್ಕೂವರೆ. ಅದಕ್ಕೇ ಕೈ ಇನ್ನೂ ಸ್ವಲ್ಪ ನಿಧಾನಾನೇ ತಿರುಗುತ್ತೆ. ಉರಿ ಕಡಿಮೆ ಇಡಿ,” ಎಂದೆ.

“ಉರಿ ನಮ್ಮ ಮಾವನ ಕೈಲಿದೆಯಮ್ಮ. ಹಟದಲ್ಲಿ ಅವರು ನಿಮ್ಮಣ್ಣನಿಗೂ ಅಣ್ಣ,” ಎಂದು ಅವರು ಹೊರಟುಹೋದರು.

ಬೆಲ್ಲ ಸುಡಲಿಲ್ಲ. ವರ್ತಕ ಅಷ್ಟನ್ನೂ ಕೊಂಡನಂತೆ. ಅಣ್ಣ ಈಗ ಬಂದವರಿಗೆಲ್ಲ ನಾಲ್ಕರ ಮಹಿಮೆ ಹೇಳುತ್ತಾರೆ; ನಾನು ಅಲ್ಲೇ ಕೂತು ಕೇಳಬೇಕು. ಆ ಮಾವ ಉರಿ ತಗ್ಗಿಸಿದರೋ, ಅಷ್ಟು ನಿಧಾನವನ್ನು ಪಾಕವೇ ತಾಳಿಕೊಂಡಿತೋ, ನನಗೆ ಗೊತ್ತಿಲ್ಲ.