ಗೋಲು ಕಂಬದ ತೆಂಗಿನಕಾಯಿ

ನನ್ನ ಗೆಳೆಯ ಬಡೇಸಾಬ್ ತೀರಿಕೊಂಡ ಹದಿನೆಂಟನೆಯ ದಿನ, ಶಿಕಾರಿಪುರದ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದವರು ಅವನಿಗೊಂದು ನುಡಿನಮನ ಏರ್ಪಡಿಸಿದರು. ಬದುಕಿದ್ದಾಗ ಅವನನ್ನು ಸಂಘದವರು ಕರೆಯುತ್ತಿದ್ದದ್ದು ಕುರ್ಚಿಯ ಕಾಲು ಮುರಿದಾಗ ಮಾತ್ರ. ಸತ್ತ ಮೇಲೆ ಎಂಟಡಿ ಎತ್ತರದ ಫ್ಲೆಕ್ಸ್ ಕಟ್ಟಿಸಿದ್ದರು. ಅದರಲ್ಲಿ ‘ಫುಟ್‌ಬಾಲ್ ಕಣ್ಮಣಿ’ ಎಂದು ಬರೆದಿತ್ತು. ಪಕ್ಕದಲ್ಲಿ ಕ್ರಿಕೆಟ್ ಬ್ಯಾಟಿನ ಚಿತ್ರವಿತ್ತು.

ಕಾರ್ಯದರ್ಶಿ ಶರತ್‌ನನ್ನು ಕೇಳಿದೆ.

“ಅಂಗಡಿಯೋನು ಹಾಕಿಬಿಟ್ಟಾನ್ರೀ ಸಾರ್. ಯಾವ್ದಾದ್ರೂ ಕ್ರೀಡೆ ಕ್ರೀಡೇನೇ ಅಲ್ರೀ?” ಎಂದ.

ಈ ಕಣ್ಮಣಿಯನ್ನು ಊರು ಐವತ್ತನಾಲ್ಕು ವರ್ಷ ಕರೆದ ಹೆಸರು ಬೇರೆ: ಬಾಗಿಲು ತೆಗೆದ ಬಡೇಸಾಬ್. ಅವನು ಬಡಗಿ. ಅವನು ಕೂಡಿಸಿದ ಬಾಗಿಲು ಹಾಕಿದರೆ ಇರುವೆಗೂ ದಾರಿ ಇರುತ್ತಿರಲಿಲ್ಲ. ಆದರೂ ಅಳತೆ ಕೊಡಲು ಬಂದವರೆಲ್ಲ, “ಸೊರಬದಾಗ ಒಂದು ಬಾಗಿಲು ತೆಗೆದಿಟ್ಟು ಬಂದೀಯಲ್ಲಪ್ಪ, ಇದನ್ನಾದ್ರೂ ಸರಿಯಾಗಿ ಹಾಕು” ಎಂದು ನಕ್ಕು ಹೋಗುತ್ತಿದ್ದರು. ಅವನೂ ನಗುತ್ತಿದ್ದ. ನಾನು ಜೊತೆಗಿದ್ದರೆ ನಾನೂ ನಗುತ್ತಿದ್ದೆ. ನನ್ನ ನಗುವನ್ನು ದೇವರು ಎಲ್ಲಿ ಬರೆದಿಟ್ಟಿದ್ದಾನೋ ತಿಳಿಯದು.

ನಡೆದದ್ದು ಇಷ್ಟು. ನಾವು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಸೊರಬದ ಮೈದಾನದಲ್ಲಿ ಅವರಿಗೂ ನಮಗೂ ಫೈನಲ್ ಪಂದ್ಯ. ಬಡೇಸಾಬ್ ಗೋಲು ಕಾಯುವವನು; ನಾನು ಅವನ ಮುಂದೆ ನಿಲ್ಲುವ ಬ್ಯಾಕ್. ಯಾರ ಕಾಲಲ್ಲೂ ಬೂಟಿಲ್ಲ. ನನಗೆ ಆಗಲೇ ಭಕ್ತಿ ಹೆಚ್ಚು. ಆಟ ಕಡಿಮೆ ಇದ್ದುದರಿಂದ ಹಾಗೆ ಆಗಿರಬೇಕು. ತೊಗರ್ಸಿಯ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತು, ಮನೆಯಿಂದ ಚೀಲದಲ್ಲಿ ಒಂದು ತೆಂಗಿನಕಾಯಿ ಒಯ್ದಿದ್ದೆ. ಯಾರೂ ಮೈದಾನಕ್ಕೆ ಇಳಿಯುವ ಮೊದಲೇ ನಮ್ಮ ಗೋಲು ಕಂಬದ ಬುಡದ ಕಲ್ಲಿಗೆ ಅದನ್ನು ಒಡೆದೆ. ಎರಡು ಹೋಳು ಆರಿಸಿಕೊಂಡೆ. ಚಿಪ್ಪಿನ ಚೂರುಗಳು ಹುಲ್ಲಿನಲ್ಲಿ ಉಳಿದವು. ದೇವರ ಪಾಲು ಎಂದುಕೊಂಡೆ.

ಪಂದ್ಯ ಶುರುವಾಗಿ ಕಾಲು ಗಂಟೆಯಾಗಿತ್ತು. ಸೊರಬದ ಚೌಡಪ್ಪ ಒದ್ದ ಚೆಂಡು ಹಾಲು ಕುಡಿದ ಕರುವಿನ ಹಾಗೆ ಉರುಳುತ್ತ ಬಂತು. ಮಗುವೂ ಹಿಡಿಯಬಹುದಿತ್ತು. ಬಡೇಸಾಬ್ ಒಂದು ಹೆಜ್ಜೆ ಮುಂದಿಟ್ಟ. ಎಡಗಾಲು ಚೂರಿನ ಮೇಲೆ ಬಿತ್ತು. ಅವನು ಕುಕ್ಕರಿಸಿ ಕುಳಿತ. ಚೆಂಡು ಅವನ ಪಕ್ಕದಲ್ಲೇ ಒಳಗೆ ಹೋಯಿತು. ಆ ಒಂದು ಗೋಲಿನಿಂದ ನಾವು ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಡ್ರಿಲ್ ಮಾಸ್ತರರಾದ ಭೀಮಣ್ಣನವರು ಅವನ ಕಿವಿ ಹಿಡಿದರು. “ಕಣ್ಣು ಎಲ್ಲಿಟ್ಟಿದ್ಯೋ?”

“ಚೆಂಡು ಕಾಣ್ಲಿಲ್ಲ ಸಾರ್” ಎಂದ. ಹಾಗೆ ಹೇಳುವಾಗ ನನ್ನ ಕಡೆ ನೋಡಿದ. ನಾನು ಕಿಟಕಿಯಾಚೆಯ ಭತ್ತದ ಗದ್ದೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಬಸ್ಸಿಳಿದ ಮೇಲೆ ಅವನು ಚಡ್ಡಿಯ ಜೇಬಿನಿಂದ ರಕ್ತ ಹತ್ತಿದ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟ. “ತಗೋ ಪಂಚಾಕ್ಷರಿ, ನಿಮ್ಮ ದೇವರ ಪ್ರಸಾದ.”

“ನೀನ್ಯಾಕೆ ಹೇಳ್ಲಿಲ್ಲ?”

“ನಾನು ಹೇಳಿದ್ರ ಅದು ದೂರು ಆಕ್ಕೈತಿ. ಸಾಬರ ಹುಡುಗ ಕಾಯಿ ಮೇಲೆ ತಪ್ಪು ಹಾಕ್ಯಾನ ಅಂತಾರ. ನೀನು ಹೇಳಿದ್ರ ನಿಜ ಆಕ್ಕೈತಿ. ನೀನೇ ಹೇಳು, ನಾಳೆ.”

ಆ ನಾಳೆ ಬರಲಿಲ್ಲ. ನಾನು ಬೆಳೆದೆ, ಮೇಷ್ಟ್ರಾದೆ, ನಿವೃತ್ತನಾದೆ, ದೇವಸ್ಥಾನದ ಸಮಿತಿಗೆ ಅಧ್ಯಕ್ಷನಾದೆ. ಅವನು ನನ್ನ ಮನೆಯ ಬಾಗಿಲುಗಳನ್ನೆಲ್ಲ ಮಾಡಿದ. ನನ್ನ ಹೆಂಡತಿ ಸತ್ತಾಗ ಮೂರು ದಿನ ನನ್ನ ಜಗುಲಿ ಬಿಟ್ಟು ಏಳಲಿಲ್ಲ. ನಾನು ಪೂಜೆ ಮುಗಿಸಿ ವಿಭೂತಿ ಬಳಿದುಕೊಂಡು ಬಂದಾಗಲೆಲ್ಲ ಒಂದೇ ಮಾತು: “ಚೂರು ಆರಿಸಿದ್ಯೇನೋ ಭಕ್ತಾ? ಒಡೆದೋನು ಆರಿಸಬೇಕು. ದೇವರು ಬಂದು ಕಸ ಹೊಡೆಯೋದಿಲ್ಲ.” ತಮಾಷೆ ಎಂದುಕೊಂಡು ಬದುಕಿದೆ. ಅನುಕೂಲವಾದ ನಂಬಿಕೆಗಳಲ್ಲಿ ನನ್ನದು ಮೊದಲಿನಿಂದಲೂ ಪಳಗಿದ ಕೈ.

ಅವನನ್ನು ಮಣ್ಣು ಮಾಡಿ ಬರುವಾಗ ಅವನ ಮಗ ಹಫೀಜ್ ನನ್ನ ಜೊತೆ ನಡೆಯುತ್ತ ಕೇಳಿದ: “ಮೈ ತೊಳೆಯುವಾಗ ಅಬ್ಬಾನ ಪಾದದಾಗ ಒಂದು ಹಳೇ ಗಾಯ ನೋಡಿದೆ ಮಾಮಾ. ಅದು ಏನ್ರೀ?”

“ಮೊಳೆ ಇರಬೇಕಪ್ಪ. ಬಡಗಿಯ ಕಾಲು” ಎಂದೆ.

ಮಣ್ಣಿನ ತೇವ ಇನ್ನೂ ಕೈಯಲ್ಲಿತ್ತು. ಸಂಜೆ ಪೂಜೆಗೆ ಕುಳಿತೆ. ಐದೇ ಅಕ್ಷರದ ಮಂತ್ರ, ಅದನ್ನು ಹೆಸರಿನಲ್ಲೇ ಹೊತ್ತುಕೊಂಡು ತಿರುಗುವವನು ನಾನು. ಎರಡನೆಯ ಅಕ್ಷರಕ್ಕೆ ನಾಲಗೆ ನಿಂತಿತು. ಅಂದಿನಿಂದ ಹದಿನೇಳು ದಿನ ಪೂಜೆ ನಡೆದದ್ದು ಗಂಟೆಯ ಸದ್ದಿನಿಂದ ಮಾತ್ರ.

ನುಡಿನಮನದಲ್ಲಿ ಮೊದಲು ಮಾತಾಡಿದವನು ಚೌಡಪ್ಪ. ಸೊರಬದಿಂದ ಬಸ್ಸು ಹಿಡಿದು ಬಂದಿದ್ದ. ಅವನು ಆ ಗೋಲನ್ನು ಐವತ್ತನಾಲ್ಕು ವರ್ಷದಿಂದ ಹೊಡೆಯುತ್ತಲೇ ಇದ್ದಾನೆ. ಮೊದಲು ಹದಿನೈದು ಅಡಿಯಿಂದ ಹೊಡೆಯುತ್ತಿದ್ದ; ಅವನಿಗೆ ಮೊಮ್ಮಕ್ಕಳಾದ ಮೇಲೆ ನಲವತ್ತು ಅಡಿಯಾಯಿತು.

“ನಾನು ಅರ್ಧ ಮೈದಾನದಿಂದ ಹೊಡೆದೆ ಮಾರಾಯ್ರೆ! ಆ ಚೆಂಡು ತಡೀಲಿಕ್ಕೆ ಯಾರಿಂದ ಆಗ್ತಿತ್ತು? ಪಾಪ, ಬಡೇಸಾಬಂದು ತಪ್ಪಿಲ್ಲ ಬಿಡಿ” ಎಂದು ಕಣ್ಣೊರೆಸಿಕೊಂಡ. ಸಭೆ ಚಪ್ಪಾಳೆ ತಟ್ಟಿತು. ಸತ್ತವನಿಗೋ ಚೌಡಪ್ಪನಿಗೋ ತಿಳಿಯಲಿಲ್ಲ.

ಆಮೇಲೆ ಶರತ್ ನನ್ನನ್ನು ಭಾವಚಿತ್ರದ ಬಳಿಗೆ ಕರೆದ. ಊದುಬತ್ತಿ, ಹೂವು ಎಲ್ಲ ಸಿದ್ಧವಾಗಿತ್ತು. ನನ್ನ ಕೈಗೆ ಒಂದು ತೆಂಗಿನಕಾಯಿ ಕೊಟ್ಟು, “ಹಿರಿಯರು, ದೈವಭಕ್ತರು. ನೀವೇ ಒಡೀರಿ ಸಾರ್” ಎಂದ.

ಬಡೇಸಾಬನ ಫೋಟೋಕ್ಕೆ ತೆಂಗಿನಕಾಯಿ! ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಫೀಜ್ ತಲೆ ತಗ್ಗಿಸಿದ. ಇವರಿಗೆ ಏನು ಹೇಳುವುದು ಎಂಬ ಭಾವ ಅವನ ಹೆಗಲಿನಲ್ಲಿತ್ತು. ನಾನು ಫೋಟೋ ನೋಡಿದೆ. ಕಿಡಿಗೇಡಿ ನಗುತ್ತಿದ್ದ.

ಕಾಯಿ ಒಡೆಯಲಿಲ್ಲ. ಮೈಕಿನ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ: ಹರಕೆ, ಕಂಬ, ಚೂರು, ಕಿಟಕಿ.

ಮೊದಲು ಎದ್ದವನು ಚೌಡಪ್ಪ. “ಹಂಗಾದ್ರೆ ನನ್ನ ಗೋಲು ಎಂತ ಆಯ್ತು?”

“ಅದು ತೆಂಗಿನಕಾಯಿಯದು, ಚೌಡಪ್ಪನೋರೆ” ಎಂದೆ.

ಸಂಘದ ಅಧ್ಯಕ್ಷರು ಓಡಿ ಬಂದು ಮೈಕ್ ಹಿಡಿದರು. “ನೋಡ್ರಿ ಸ್ನೇಹ ಅಂದ್ರ ಇದು! ಸತ್ತ ಗೆಳೆಯನ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಂಡ್ರು. ಎಂಥ ದೊಡ್ಡ ಮನಸ್ಸು!” ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಶರತ್ ಎಲ್ಲಿಂದಲೋ ಒಂದು ಶಾಲು ತಂದು ನನಗೆ ಹೊದಿಸಿದ. ಐವತ್ತನಾಲ್ಕು ವರ್ಷ ಮುಚ್ಚಿಟ್ಟ ನಿಜವನ್ನು ಶಾಲು ಹೊದಿಸಿ ಮತ್ತೆ ಮುಚ್ಚಿದರು.

ಚಪ್ಪಾಳೆ ಹೊಡೆಯದವನು ಹಫೀಜ್ ಒಬ್ಬನೇ. ಹೊರಗೆ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದ.

“ಯಾವ ಕಾಲು?”

“ಎಡಗಾಲು. ಹೆಬ್ಬೆರಳಿನ ಕೆಳಗೆ.”

“ಮೊಳೆ ಅಂದಿದ್ರಿ” ಎಂದ. “ನನಗೂ ಸಾಲ್ಯಾಗ ಬಾಗಿಲು ತೆಗೆದೋನ ಮಗ ಅಂತಿದ್ರು ಮಾಮಾ. ಹೋದ ವರ್ಷ ನನ್ನ ಮಗಳು ಸಾದಿಯಾ ಥ್ರೋಬಾಲ್ ಆಡಾಕ ನಿಂತ್ರ ಅವಳಿಗೂ ಅಂದ್ರು.”

“ತಪ್ಪಾಯ್ತಪ್ಪ.”

“ನನಗ್ಯಾಕ ಹೇಳ್ತೀರಿ? ಮನಿಗೆ ಬಂದು ಅಮ್ಮಿಗೆ ಹೇಳ್ರಿ. ಅಲ್ಲಿ ಮೈಕ್ ಇರೋದಿಲ್ಲ, ಶಾಲೂ ಇರೋದಿಲ್ಲ.”

ಒಳಗೆ ಹೋಗಿ ಶಾಲನ್ನು ಶರತ್‌ನ ಕುರ್ಚಿಯ ಮೇಲೆ ಇಟ್ಟು ಬಂದು ಹಫೀಜ್‌ನ ಹಿಂದೆ ನಡೆದೆ. ಕಾಯಿ ಮಾತ್ರ ಕೈಯಲ್ಲೇ ಉಳಿದುಬಿಟ್ಟಿತ್ತು.

ಬಡೇಸಾಬನ ಹೆಂಡತಿ ಹಾಜಿರಾ ಬೀ ಇದ್ದತ್ತಿನಲ್ಲಿದ್ದರು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರು ಪರಗಂಡಸರ ಎದುರು ಬರುವಂತಿಲ್ಲ. ಹಫೀಜ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಬೀದಿಯಲ್ಲಿ ನಿಂತೆ.

ಸಾಗುವಾನಿ ಬಾಗಿಲು, ಬಡೇಸಾಬನೇ ಮಾಡಿದ್ದು. ಮೆಲ್ಲನೆ ಹೇಳಿ ಮುಗಿಸೋಣವೆಂದು ಸಂದಿಗಾಗಿ ಹುಡುಕಿದೆ. ಒಂದು ಕೂದಲು ತೂರುವಷ್ಟು ಸಂದಿಯೂ ಇರಲಿಲ್ಲ. ಬಾಗಿಲಿಗೆ ಬಾಯಿ ಹತ್ತಿರ ತಂದು ಹೇಳಿದೆ.

“ಏನ್ರೀ? ಕೇಳ್ಸಂಗಿಲ್ಲ” ಎಂದರು ಒಳಗಿನಿಂದ ಹಾಜಿರಾ ಬೀ.

ಮತ್ತೆ ಹೇಳಿದೆ. ಎದುರಿನ ಚಾ ಅಂಗಡಿಯಲ್ಲಿ ಮಾತು ನಿಂತಿತು.

“ಜೋರಾಗಿ ಹೇಳ್ರಿ ಅಣ್ಣಾ! ಬಾಗಿಲು ದಪ್ಪ ಐತಿ.”

ಲೋಟ ಹಿಡಿದುಕೊಂಡೇ ನಾಲ್ಕು ಜನ ಹೊರಗೆ ಬಂದು ನಿಂತರು. ಅವರಲ್ಲಿ ಇಬ್ಬರನ್ನು ನಾನು ಬಲ್ಲೆ. ಬಾಗಿಲು ತೆಗೆದ ಬಡೇಸಾಬ್ ಎಂದು ಹೆಚ್ಚು ಕರೆದವರು ಅವರೇ. ನಾನು ಉಸಿರು ತುಂಬಿಕೊಂಡು, ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಕೂಗುತ್ತಿದ್ದ ದನಿಯಲ್ಲಿ, ಮೊದಲಿನಿಂದ ಶುರು ಮಾಡಿದೆ.