ಸಡಿಲ ಬೆಲ್ಟಿನ ಜರ್ಮನ್

ನಾನು ಒಂದು ಟೇಪ್ ರೆಕಾರ್ಡರ್. ನನ್ನನ್ನು ಹೆತ್ತ ಕಾರ್ಖಾನೆಯ ಹೆಸರು ಹೊಟ್ಟೆಯ ಕೆಳಗೆ ಅಚ್ಚಾಗಿತ್ತು; ಮಂಗಳೂರಿನ ಉಪ್ಪುಗಾಳಿ ಅದನ್ನು ಎಂದೋ ತಿಂದುಹಾಕಿತು. ನೆನಪಿರುವುದು ಇಷ್ಟೇ: ಉದ್ದನೆಯ ಮೇಜು, ಸಾಲಾಗಿ ಕುಳಿತ ಹೆಂಗಸರು. ಅವರಲ್ಲಿ ಒಬ್ಬಳು ಆಕಳಿಸುತ್ತಲೇ ನನ್ನೊಳಗೆ ಮೋಟಾರು ಕೂರಿಸಿದಳು. ಮೋಟಾರಿಗೂ ಚಕ್ರಕ್ಕೂ ಕಪ್ಪು ರಬ್ಬರಿನ ತೆಳ್ಳನೆಯ ಬೆಲ್ಟು ತೊಡಿಸಿದಳು. ಮೋಟಾರು ತಿರುಗಿದರೆ ಬೆಲ್ಟು, ಬೆಲ್ಟು ತಿರುಗಿದರೆ ಚಕ್ರ, ಚಕ್ರ ತಿರುಗಿದರೆ ಕ್ಯಾಸೆಟ್ಟು. ತಿರುಗುವುದೇ ನನ್ನ ಬಾಳು. ಬಾಯಿ ನನ್ನದು, ಮಾತು ಇನ್ಯಾರದೋ.

ಮೊದಲು ನನ್ನನ್ನು ಕೊಂಡವನು ಜರ್ಮನಿಯ ಒಬ್ಬ ಎಂಜಿನಿಯರ್. ಯಾವುದೋ ಯಂತ್ರ ಜೋಡಿಸುವ ಕೆಲಸಕ್ಕೆಂದು ಅವನು ಮಂಗಳೂರಿಗೆ ಬಂದಾಗ ಪೆಟ್ಟಿಗೆಯಲ್ಲಿ ಅಂಗಿಗಳ ನಡುವೆ ನಾನೂ ಬಂದೆ. ಸಂಜೆ ಜಗಲಿಯಲ್ಲಿ ನನ್ನನ್ನಿಟ್ಟು ತನ್ನೂರಿನ ಹಾಡು ಕೇಳುತ್ತಿದ್ದ, ಬೆವರು ಒರೆಸಿಕೊಳ್ಳುತ್ತಿದ್ದ. ಯಂತ್ರದ ಜೋಡಣೆ ಮುಗಿದು ಅದು ಓಡತೊಡಗಿದ ಮೇಲೆ ಅವನು ಹೊರಟುಹೋದ. ಹೋಗುವಾಗ ನನ್ನನ್ನು ಗುಡ್ಡದ ಮೇಲಿನ ಕಾಲೇಜಿನ ಜರ್ಮನ್ ವಿಭಾಗಕ್ಕೆ ಕೊಟ್ಟ. ಅಲ್ಲಿನವರು ನನ್ನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರು ಬರೆದರು. ಅಂದಿನಿಂದ ನಾನು ಕಾಲೇಜಿನ ಸೊತ್ತು.

ವಿಭಾಗವೆಂದರೆ ದೊಡ್ಡದೇನಲ್ಲ. ಒಂದು ಕೋಣೆ, ಒಂದು ಕಪಾಟು, ಎಮಿಲಿಯಾ ಟೀಚರ್. ಭಾಷೆ, ಸಾಹಿತ್ಯ, ಸಂಸ್ಕೃತಿ ಮೂರನ್ನೂ ಅವರೊಬ್ಬರೇ ಕಲಿಸುತ್ತಿದ್ದರು. ಕಾಲೇಜಿನಲ್ಲಿ ಬೇರೆ ಹೆಂಗಸರೆಲ್ಲ ಮೇಡಂ ಆಗಿದ್ದರು. ಇವರು ಮಾತ್ರ ಎಲ್ಲರಿಗೂ ಟೀಚರ್. ಅವರ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಜರ್ಮನ್ ಸಾಹೇಬರ ಕೈಕೆಳಗೆ ದುಡಿದವರು. ಮನೆಯಲ್ಲಿದ್ದ ಹಳೆಯ ಪ್ರಾರ್ಥನೆಯ ಪುಸ್ತಕಗಳಿಂದ ಟೀಚರ್ ಆ ಭಾಷೆಯನ್ನು ಓದಲು ಕಲಿತರು. ಆಡಲು ಕಲಿತದ್ದು ಮಾತ್ರ ನನ್ನ ಬಾಯಿಂದ.

ನನಗೆಂದೇ ಒಂದು ಡಬ್ಬಿ ಪಾಠದ ಕ್ಯಾಸೆಟ್ಟುಗಳಿದ್ದವು. ಅವುಗಳಲ್ಲಿ ಮಾತಾಡುವವಳು ಫ್ರಾವ್ ಲಿಂಡ್ನರ್, ಅಂದರೆ ಶ್ರೀಮತಿ ಲಿಂಡ್ನರ್. ಒಂದನೆಯ ಪಾಠದಲ್ಲಿ ಅವಳು ಏಳುತ್ತಾಳೆ. ಎರಡರಲ್ಲಿ ಬ್ರೆಡ್ಡು ಕೊಳ್ಳುತ್ತಾಳೆ. ಮೂರರಲ್ಲಿ ರೈಲು ಹತ್ತಿ ಕೆಲಸಕ್ಕೆ ಹೋಗುತ್ತಾಳೆ. ನಾಲ್ಕರಲ್ಲಿ ಸಂಜೆ ಮನೆಗೆ ಬಂದು, ಚೀಲ ಇಳಿಸಿ, ಗಂಡನ ಹತ್ತಿರ "ಇಶ್ ಬಿನ್ ನಿಶ್ಟ್ ಮ್ಯೂಡೆ" ಎನ್ನುತ್ತಾಳೆ. ನನಗೆ ಆಯಾಸವಾಗಿಲ್ಲ ಎಂದು. ಆಮೇಲೆ ಅಡುಗೆಗೆ ನಿಲ್ಲುತ್ತಾಳೆ. ಈ ನಾಲ್ಕು ಪಾಠಗಳನ್ನು ನಾನು ಎಷ್ಟು ಸಲ ಹೇಳಿದ್ದೇನೆಂದು ಕೇಳಬೇಡಿ. ಹೊಸ ವರ್ಷ, ಹೊಸ ಮಕ್ಕಳು, ಮತ್ತೆ ಅವಳು ಏಳಬೇಕು, ಮತ್ತೆ ಬ್ರೆಡ್ಡು ತರಬೇಕು.

ಹೇಳಿ ಹೇಳಿ ನನ್ನ ಬೆಲ್ಟು ಸಡಿಲವಾಯಿತು. ಒಂದೇ ದಿನದಲ್ಲಿ ಆದದ್ದಲ್ಲ. ಸೆಕೆಗೆ ರಬ್ಬರು ಹಿಗ್ಗಿತು, ಮಳೆಗಾಲದ ತೇವಕ್ಕೆ ಅಂಟಂಟಾಯಿತು. ಚಕ್ರ ನಿಧಾನವಾಯಿತು. ಚಕ್ರ ನಿಧಾನವಾದರೆ ಮಾತೂ ನಿಧಾನ, ದನಿಯೂ ತಗ್ಗು. ಲಿಂಡ್ನರಳ ಸ್ವರ ವರ್ಷದಿಂದ ವರ್ಷಕ್ಕೆ ಕೆಳಗಿಳಿಯಿತು. ಮಾತುಗಳ ನಡುವೆ ಉಸಿರು ಬಿಡುವಷ್ಟು ಜಾಗ ಬಂತು. ದಿನವೂ ಕೇಳುವ ಟೀಚರ ಕಿವಿಗೆ ಇದು ಗೊತ್ತಾಗಲಿಲ್ಲ. ಅವರ ಮಾತೂ ನನ್ನ ಜೊತೆಗೇ ನಿಧಾನವಾಗುತ್ತ ಬಂದಿತ್ತು. ಸಂಸ್ಕೃತಿಯ ತರಗತಿಯಲ್ಲಿ ಅವರು ಮಕ್ಕಳಿಗೆ ಬರೆಸುತ್ತಿದ್ದರು: ಜರ್ಮನರು ಅವಸರದ ಜನ ಅಲ್ಲ, ಪ್ರತಿ ಮಾತನ್ನೂ ತೂಗಿ ಆಡುವವರು. ಪರೀಕ್ಷೆಯೆಲ್ಲ ಬರವಣಿಗೆಯದೇ ಆಗಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆಗ ಬಂದವಳು ಜಲಜಾಕ್ಷಿ.

ದಕ್ಕೆಯಲ್ಲಿ, ಮೀನಿನ ದೋಣಿಗಳು ಬಂದು ನಿಲ್ಲುವಲ್ಲಿ, ಒಂದು ಐಸ್ ಪ್ಲಾಂಟಿನ ಕಚೇರಿ. ಬೆಳಕು ಹರಿಯುವ ಮೊದಲು ಅಲ್ಲಿ ಹೋಗಿ ಕೂತು ಐಸಿಗೆ ಚೀಟಿ ಹರಿಯುವುದು ಅವಳ ಕೆಲಸ. ಗಂಡ ಸಂಜೀವ ಸಿಟಿ ಬಸ್ಸಿನ ಡ್ರೈವರ್. ಮಗಳು ಅಕ್ಷತಾ ಇನ್ನೂ ಸಣ್ಣ ತರಗತಿಯಲ್ಲಿದ್ದಳು. ಮಧ್ಯಾಹ್ನದ ಮೂರು ವರ್ಷದ ಡಿಪ್ಲೊಮಾಕ್ಕೆ ಜಲಜಾಕ್ಷಿ ಅರ್ಜಿ ಹಾಕಿದ್ದು ಇಂಗ್ಲಿಷಿಗೆ. ಸೀಟು ಉಳಿದದ್ದು ಜರ್ಮನಿನಲ್ಲಿ. "ಯಾವುದಾದ್ರೂ ಆಗ್ತದೆ ಟೀಚರ್, ಕಲಿಯುವಂಥದ್ದು ಆದ್ರೆ ಸಾಕು" ಎಂದು ಬಂದು ಕೂತಳು. ಅವಳ ಸೀರೆಯ ಸೆರಗಿಗೆ ಮೀನಿನ ವಾಸನೆ, ಬೆರಳುಗಳಿಗೆ ಐಸಿನ ತಂಪು. ನನ್ನ ಗುಂಡಿ ಒತ್ತಿದಾಗೆಲ್ಲ ಆ ತಂಪು ನನಗೆ ತಾಗುತ್ತಿತ್ತು.

ನಾಲ್ಕನೆಯ ಪಾಠ ಕೇಳಿದ ದಿನ ಅವಳು ತರಗತಿಯಲ್ಲೇ ನಕ್ಕಳು.

"ಆಯಾಸ ಇಲ್ಲ ಅಂತಾಳೆ ನೋಡಿ ಟೀಚರ್. ಸ್ವರ ಕೇಳಿದ್ರೆ ಈಗ ಬಿದ್ದುಹೋಗ್ತಾಳೆ. ನಾನೂ ಮನೆಯಲ್ಲಿ ಹೀಗೇ ಹೇಳುದು."

"ಎಲ್ಲಾ ಕಡೆ ಹೆಂಗಸ್ರ ಕತೆ ಒಂದೇ ಮಾರಾಯ್ತಿ" ಎಂದರು ಟೀಚರ್.

ಅಂದಿನಿಂದ ಲಿಂಡ್ನರ್ ಅವಳಿಗೆ ಪಾಠದ ಹೆಂಗಸಾಗಿ ಉಳಿಯಲಿಲ್ಲ. ತನ್ನ ಹಾಗೆ ಬೆಳಿಗ್ಗೆ ಎದ್ದು, ದುಡಿದು, ಮನೆಗೆ ಬಂದು, ಏನೂ ಆಗಿಲ್ಲವೆಂದು ಸುಳ್ಳು ಹೇಳಿ ಒಲೆ ಹಚ್ಚುವ ಇನ್ನೊಬ್ಬಳು. ಜರ್ಮನ್ ಹೆಂಗಸರ ಬದುಕಿನ ಬಗ್ಗೆ ಪ್ರಬಂಧ ಬರೆಯಲು ಹೇಳಿದರೆ ಜಲಜಾಕ್ಷಿ ಲಿಂಡ್ನರಳ ದಣಿವಿನ ಬಗ್ಗೆ ಪುಟಗಟ್ಟಲೆ ಬರೆದಳು. ಟೀಚರ್ ಅದನ್ನು ತರಗತಿಗೆ ಓದಿ ಹೇಳಿ ಕನ್ನಡಕ ಒರೆಸಿಕೊಂಡರು. ಅವರಿಬ್ಬರೂ ಇಷ್ಟೊಂದು ಮೆಚ್ಚಿಕೊಂಡ ಆ ದಣಿವು ನನ್ನದು. ಒಂದು ಹಳೆಯ ರಬ್ಬರಿನದು. ಹೇಳೋಣವೆಂದರೆ, ಕ್ಯಾಸೆಟ್ಟಿನಲ್ಲಿ ಇಲ್ಲದ್ದನ್ನು ಹೇಳಲು ನನಗೆ ಬರುವುದಿಲ್ಲ.

ಮೂರನೆಯ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ಟೀಚರ್ ಮುಂದಿನ ಜೂನಿನಲ್ಲಿ ನಿವೃತ್ತರು. ಮತ್ತು ಇನ್ನು ಮುಂದೆ ಕೇಳುವ, ಮಾತಾಡುವ ಪರೀಕ್ಷೆಯೂ ಉಂಟು, ಪುಣೆಯಿಂದ ಪರೀಕ್ಷಕರು ಬರುತ್ತಾರೆ. ಪ್ರಿನ್ಸಿಪಾಲರು ಟೀಚರನ್ನು ಕರೆದು ನೇರವಾಗಿ ಹೇಳಿದ್ದರು: ನಿಮ್ಮ ಜಲಜಾಕ್ಷಿ ಆ ಪರೀಕ್ಷೆ ಸೇರಿಸಿ ಪಾಸಾದರೆ ಕೆಳಗಿನ ತರಗತಿಗಳಿಗೆ ಕಲಿಸಲು ಅವಳನ್ನೇ ತೆಗೆದುಕೊಳ್ಳುತ್ತೇವೆ; ಇಲ್ಲದಿದ್ದರೆ ಕೋಣೆ ಕಂಪ್ಯೂಟರಿನವರಿಗೆ.

"ಐಸಿನ ಕೆಲಸ ಬಿಡ್ಬಹುದಾ ಟೀಚರ್?" ಜಲಜಾಕ್ಷಿ ಕೇಳಿದ್ದು ಅಷ್ಟೇ.

"ಬಿಡ್ಬಹುದು. ಮೊದ್ಲು ಪಾಸಾಗು. ಇದನ್ನು ಮನೆಗೆ ತಕೊಂಡು ಹೋಗು" ಎಂದು ಟೀಚರ್ ನನ್ನನ್ನು ಅವಳ ಮಡಿಲಿಗಿಟ್ಟರು.

ಹೀಗೆ ನಾನು ಬೋಳಾರದ ಒಂದು ಸಣ್ಣ ಮನೆಯ ಅಡುಗೆಕೋಣೆ ಸೇರಿದೆ. ಅಕ್ಕಿಯ ಡಬ್ಬದ ಪಕ್ಕ ನನ್ನ ಜಾಗ. ಆ ಮನೆಯ ಮಾತು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅನ್ನ ಬೇಯುವಷ್ಟು ಹೊತ್ತು ಅವಳು ನನ್ನೆದುರು ನಿಂತು ಲಿಂಡ್ನರಳ ಹಿಂದೆ ಹಿಂದೆಯೇ ಹೇಳುತ್ತಿದ್ದಳು. ಅವಳಿಗೆ ಕಷ್ಟವೇ ಇರಲಿಲ್ಲ. ಸುಸ್ತಾದ ಬಾಯಿಗೆ ಸುಸ್ತಾದ ಮಾತು ಸಲೀಸಾಗಿ ಹೊಂದುತ್ತಿತ್ತು.

ಸಂಜೀವ ಕೈಕಾಲು ತೊಳೆದು ಒಳಗೆ ಬಂದವನೇ ಕೇಳುತ್ತಿದ್ದ: "ಎಂತ, ನಿನ್ನ ಜರ್ಮನ್ ಅತ್ತೆ ಇನ್ನೂ ಮಲಗ್ಲಿಲ್ವಾ?"

"ಅತ್ತೆ ಅಂತ ಹೇಳ್ಬೇಡಿ. ಪಾಪ, ಅವಳಿಗೂ ದುಡಿದು ದುಡಿದು ಸಾಕಾಗಿದೆ."

"ನಮ್ಮ ಬಸ್ಸಿಗೆ ಇವಳನ್ನು ಕಂಡಕ್ಟರ್ ಮಾಡಿದ್ರೆ ಒಂದು ಸ್ಟಾಪ್ ಹೇಳಿ ಮುಗಿಯುವಾಗ ಮೂರು ಸ್ಟಾಪ್ ದಾಟಿರ್ತದೆ."

ಪರೀಕ್ಷೆಯ ದಿನ ಅವಳು ನನ್ನನ್ನು ಬಟ್ಟೆಯ ಚೀಲದಲ್ಲಿ ಹೊತ್ತುಕೊಂಡೇ ಹೋದಳು. ಪುಣೆಯ ಲಿಮಯೆ ಮೇಡಂ ಮೃದು ಸ್ವಭಾವದವರು. ಆದರೆ ತಮ್ಮದೇ ಹೊಸ ಪ್ಲೇಯರ್ ತಂದಿದ್ದರು. ಅದರಲ್ಲಿ ಹಾಕಿದ್ದು ನಮ್ಮ ಪಾಠಗಳ ಸಾಲಿನದೇ, ಇವಳು ಕೇಳಿರದ ಮುಂದಿನ ಕ್ಯಾಸೆಟ್ಟು. ಗುಂಡಿ ಒತ್ತಿದರು. ಒಂದು ಸ್ವರ ಚಟಚಟನೆ ಓಡತೊಡಗಿತು. ಜಲಜಾಕ್ಷಿ ಪೆನ್ನು ಹಿಡಿದು ಕೂತಿದ್ದಳು. ಹಿಡಿಯೋಣವೆಂದು ಒಂದು ಮಾತಿಗೆ ಕೈಚಾಚುವಷ್ಟರಲ್ಲಿ ಇನ್ನೊಂದು ದಾಟಿಹೋಗುತ್ತಿತ್ತು. ಎರಡನೆಯ ಸಲ ಹಾಕಿದಾಗ ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮಾತಿನ ಪರೀಕ್ಷೆ. ಮೇಡಂ ಕೇಳಿದ್ದು ಇವಳಿಗೆ ತಿಳಿಯಲಿಲ್ಲ. ಇವಳು ಹೇಳಿದ್ದು ಮುಗಿಯುವವರೆಗೆ ಕಾಯಲು ಮೇಡಮ್ಮಿಗೆ ಕಷ್ಟವಾಯಿತು.

"ಇವರಿಗೆ ಮೈ ಸರಿಯಿಲ್ಲವೇ?" ಎಂದು ಲಿಮಯೆ ಮೇಡಂ ಟೀಚರನ್ನು ಇಂಗ್ಲಿಷಿನಲ್ಲಿ ಕೇಳಿದರು.

ಟೀಚರ ಮುಖ ಕೆಂಪಾಯಿತು. "ನಾವು ಕಲಿತದ್ದೇ ಹಾಗೆ. ನೀವೇ ಕೇಳಿ" ಎಂದು ನನ್ನ ಗುಂಡಿ ಒತ್ತಿದರು. ನಾಲ್ಕನೆಯ ಪಾಠ. ನಾನು ನನ್ನ ರೀತಿಯಲ್ಲಿ ಹೇಳಿದೆ. ಲಿಮಯೆ ಮೇಡಂ ಎರಡು ಮಾತು ಕೇಳಿದರು, ನನ್ನ ಹೊಟ್ಟೆ ತೆರೆದು, ಕ್ಯಾಸೆಟ್ಟು ತೆಗೆದು ತಮ್ಮ ಪ್ಲೇಯರಿಗೆ ಹಾಕಿದರು.

ಬಂದದ್ದು ಒಬ್ಬ ಎಳೆಯ ಹೆಂಗಸಿನ ಸ್ವರ. ಹೊಸದಾಗಿ ಮದುವೆಯಾದವಳಂತೆ, ಮೆಟ್ಟಿಲು ಹಾರಿ ಹಾರಿ ಹತ್ತಿ ಬಂದವಳಂತೆ. ಇಶ್ ಬಿನ್ ನಿಶ್ಟ್ ಮ್ಯೂಡೆ! ಹಿಂದೆಯೇ ಒಂದು ಸಣ್ಣ ನಗು. ಆ ನಗು ನನ್ನಲ್ಲಿ ಕೆಮ್ಮಿನ ಹಾಗೆ ಕೇಳಿಸುತ್ತಿತ್ತು.

"ಇದು ಯಾರು ಟೀಚರ್?"

"ಅವಳೇ, ಜಲಜಾ."

ಜಲಜಾಕ್ಷಿ ನನ್ನ ಕಡೆ ನೋಡಿದಳು, ಆ ಪ್ಲೇಯರಿನ ಕಡೆ ನೋಡಿದಳು. "ಅಂದ್ರೆ... ಅವಳಿಗೆ ನಿಜವಾಗ್ಲೂ ಆಯಾಸ ಇರ್ಲಿಲ್ವಾ?"

ಟೀಚರ್ ಬೇರೇನೋ ಲೆಕ್ಕ ಹಾಕುತ್ತಿದ್ದಂತೆ ಕಂಡಿತು. ಅಷ್ಟು ವರ್ಷ, ಅಷ್ಟು ಮಕ್ಕಳು.

ಲಿಮಯೆ ಮೇಡಂ ಮೃದು ಸ್ವಭಾವದವರೆಂದೆ. ಆದರೂ ಪಾಸು ಮಾಡಲಿಲ್ಲ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಬರುತ್ತೇನೆ, ಅಷ್ಟರಲ್ಲಿ ಕಿವಿ ತಯಾರು ಮಾಡಿ ಎಂದರು. ಪ್ರಿನ್ಸಿಪಾಲರು ಅಷ್ಟರವರೆಗೆ ಕೋಣೆಯನ್ನು ಹಾಗೇ ಬಿಡಲು ಗೊಣಗುತ್ತ ಒಪ್ಪಿದರು.

ಟೀಚರ್ ಒಂದು ಹೊಸ ಪ್ಲೇಯರ್ ಕೊಂಡು ಜಲಜಾಕ್ಷಿಯ ಮನೆಗೇ ತಂದುಕೊಟ್ಟರು. ಅದು ನನ್ನ ಪಕ್ಕದಲ್ಲಿ ಕೂತಿತು. ಮೊದಲ ಒಂದು ವಾರ ಜಲಜಾಕ್ಷಿ ಅದರ ಗುಂಡಿ ಮುಟ್ಟಲಿಲ್ಲ. ಯಾರನ್ನೋ ಕಳೆದುಕೊಂಡವಳ ಹಾಗೆ ಅಡುಗೆ ಮಾಡಿದಳು. ಒಮ್ಮೆ ಕ್ಯಾಸೆಟ್ಟನ್ನು ನನಗೇ ಹಾಕಿ ಕೇಳಿದಳು, ಅರ್ಧಕ್ಕೆ ನಿಲ್ಲಿಸಿದಳು. ಸುಳ್ಳೆಂದು ಗೊತ್ತಾದ ಮೇಲೆ ಅವಳಿಗೆ ಅದೂ ಬೇಡವಾಯಿತು.

"ಇಷ್ಟು ವರ್ಷ ಒಬ್ಬಳು ಜೊತೆಗಿದ್ದಾಳೆ ಅಂತ ತಿಳ್ಕೊಂಡಿದ್ದೆ" ಎಂದಳು ಸಂಜೀವನ ಹತ್ತಿರ. "ಯಾರೂ ಇರ್ಲಿಲ್ಲ."

ಸದಾ ಚೇಷ್ಟೆ ಮಾಡುವವನು ಆ ಹೊತ್ತು ಮಾಡಲಿಲ್ಲ. ಅವಳ ಕೈಯಿಂದ ಸೌಟು ತೆಗೆದುಕೊಂಡ. "ಸಾರು ನಾನು ನೋಡ್ತೇನೆ. ನೀನು ಅದನ್ನು ಹಾಕು."

ಹೊಸ ಪ್ಲೇಯರನ್ನು ಮೊದಲು ಗೆದ್ದವಳು ಅಕ್ಷತಾ. ಮಕ್ಕಳ ನಾಲಗೆಗೆ ಓಟ ಇಷ್ಟ. ಲಿಂಡ್ನರಳ ಜೊತೆ ಓಡಿ ಓಡಿ ಹೇಳಿ, "ಅಮ್ಮ ಲೇಟು, ಅಮ್ಮ ಲೇಟು" ಎಂದು ಕುಣಿಯುತ್ತಿದ್ದಳು. ಜಲಜಾಕ್ಷಿಗೆ ರೇಗುತ್ತಿತ್ತು. "ಇವಳಿಗೆ ಎಂಥ ಅವಸರ ಅಂತ! ರೈಲು ಸಿಕ್ತಲ್ಲ, ಇನ್ನೂ ಯಾಕೆ ಓಡುದು?" ಎಂದು ಲಿಂಡ್ನರಳಿಗೇ ಬೈಯುತ್ತಿದ್ದಳು. ಬೈಯುತ್ತಲೇ ಬೆನ್ನು ಹತ್ತಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನಕಾಯಿ ತುರಿಯುವ ಕೈಯ ಲಯಕ್ಕೆ ಮಾತು ಕೂರಿಸಿದಳು. ಬಿದ್ದಳು, ಮತ್ತೆ ಎದ್ದಳು. ಹೊರಗೆ ಜಡಿಮಳೆ, ದೋಣಿಗಳಿಗೆ ರಜೆ, ಐಸಿಗೆ ಗಿರಾಕಿ ಕಡಿಮೆ. ಅವಳಿಗೆ ಹೊತ್ತು ಸಿಕ್ಕಿತು.

"ಅತ್ತೆ ಹೋಗಿ ನಾದಿನಿ ಬಂದ್ಲು ಮನೆಗೆ" ಎಂದ ಸಂಜೀವ. ಈ ಸಲ ಅವಳು ನಕ್ಕಳು.

ಎರಡನೆಯ ಪರೀಕ್ಷೆಗೆ ನನ್ನನ್ನು ಒಯ್ಯಲಿಲ್ಲ. ಅವಳು ಬಂದದ್ದು ಸಂಜೆ. ಚಪ್ಪಲಿ ಬಿಟ್ಟು, ಒಂದು ಚೊಂಬು ನೀರು ಕುಡಿದು, ಅಕ್ಕಿಯ ಡಬ್ಬಕ್ಕೆ ಒರಗಿ ನೆಲದ ಮೇಲೆ ಕೂತಳು. ಸಂಜೀವ ಬಾಗಿಲಲ್ಲಿ ನಿಂತು ಕಾದ.

"ನಾಳೆ ಐಸ್ ಪ್ಲಾಂಟಿನವ್ರಿಗೆ ಹೇಳ್ಬೇಕು," ಎಂದಳು ಕೊನೆಗೆ, "ಈ ತಿಂಗಳು ಮುಗಿದ ಮೇಲೆ ಬೇರೆಯವ್ರನ್ನು ನೋಡ್ಲಿಕ್ಕೆ."

ನನ್ನನ್ನು ಇಟ್ಟುಕೊಳ್ಳಲು ಅವಳಿಗೆ ಮನಸ್ಸಿತ್ತೋ ಏನೋ. ಆದರೆ ಬೆನ್ನ ಮೇಲೆ ಕಾಲೇಜಿನ ನಂಬರು ಇತ್ತು. ಈಗ ನಾನು ಕಾಲೇಜಿನ ಸ್ಟೋರಿನಲ್ಲಿದ್ದೇನೆ. ಅಕ್ಕಪಕ್ಕದಲ್ಲಿ ಕಾಲು ಮುರಿದ ಬೆಂಚುಗಳು, ಸುರುಳಿ ಸುತ್ತಿದ ಭೂಪಟಗಳು. ಬೆಲ್ಟು ಕರಗಿ ಚಕ್ರಕ್ಕೆ ಅಂಟಿದೆ. ಇನ್ನು ತಿರುಗುವಂತಿಲ್ಲ. ಬೇಸರವೇನಿಲ್ಲ, ಸಾಕಾಗಿತ್ತು.

ಗೋಡೆಯ ಆಚೆ ಜರ್ಮನ್ ಕೋಣೆ. ಅಲ್ಲಿ ಮತ್ತೆ ತರಗತಿ ಶುರುವಾದ ದಿನ ವೆಂಟಿಲೇಟರಿನಿಂದ ಒಂದು ಸ್ವರ ಬಂತು. ಚುರುಕು, ತಿಳಿ, ನಗುವಿನ ಅಂಚಿರುವ ಜರ್ಮನ್. ಯಾರೋ ಹೊಸಬರನ್ನು ತಂದಿದ್ದಾರೆ, ಜಲಜಾಕ್ಷಿಗೆ ಕೆಲಸ ಕೊಡದೆ ಹೋದರು ಎಂದುಕೊಂಡೆ. ಗಂಟೆ ಹೊಡೆಯಿತು, ಮಕ್ಕಳು ಗಲಗಲ ಎನ್ನುತ್ತ ಹೊರಗೆ ಹೋದರು. ಆಮೇಲೆ ಅದೇ ಹೆಂಗಸು ಬಾಗಿಲಿಗೆ ಬೀಗ ಹಾಕುತ್ತ ಜವಾನನನ್ನು ಕೇಳಿದಳು: "ದಾಮೋದರಣ್ಣ, ನಾಲ್ಕೂವರೆಯ ಬಸ್ಸು ಹೋಯ್ತಾ? ಇನ್ನು ಹೋಗಿ ಅಡುಗೆ ಆಗ್ಬೇಕು ನನಗೆ." ಆ ಕನ್ನಡದಲ್ಲಿ ಇಡೀ ದಿನದ ಭಾರವಿತ್ತು. ಪ್ರತಿ ಮಾತಿನ ನಡುವೆ ಉಸಿರು ಬಿಡುವಷ್ಟು ಜಾಗವಿತ್ತು. ಆಗ ನಾನು ಅವಳನ್ನು ಗುರುತಿಸಿದೆ.

ದಣಿವು ಅವಳನ್ನು ಬಿಟ್ಟಿಲ್ಲ, ಬಿಡುವಂಥದ್ದೂ ಅಲ್ಲ. ಮನೆ ಇದೆ, ಮಗಳಿದ್ದಾಳೆ, ಬಸ್ಸು ಹಿಡಿಯಬೇಕು. ಆದರೆ ಮಧ್ಯಾಹ್ನದ ಆ ಒಂದು ಗಂಟೆ, ಆ ಒಂದು ಭಾಷೆಯಲ್ಲಿ, ಅವಳು ದಣಿದವಳಲ್ಲ. ಅದನ್ನು ನಾನು ಅವಳಿಗೆ ಕಲಿಸಿದ್ದಲ್ಲ. ನಾನು ಕಲಿಸಿದ್ದನ್ನು ಮರೆತು ಅವಳೇ ಕಲಿತದ್ದು.